ಧ್ವನಿವರ್ಧಕದಲ್ಲಿ ಅಣ್ಣ

ಅಣ್ಣನ ಹೆಸರನ್ನು ನಾನು ಹೇಳುವುದಿಲ್ಲ. ನಮ್ಮ ಬುಡಕಟ್ಟಿನಲ್ಲಿ ಸತ್ತವರ ಹೆಸರು ಕೂಗುವಂತಿಲ್ಲ, ಕೂಗಿದರೆ ಅವರು ಹೊರಟ ದಾರಿಯಲ್ಲೇ ನಿಂತುಬಿಡುತ್ತಾರೆ. ಅವರ ಧ್ವನಿ ಕೇಳಿಸಿದರಂತೂ ಕೇಳುವುದೇ ಬೇಡ. ಹತ್ತು ವರ್ಷ ಮರುಭೂಮಿ ಉದ್ಯಾನದಲ್ಲಿ ಪ್ರವಾಸಿಗರಿಗೆ ಹಾವು, ಹದ್ದು, ಮುಳ್ಳುಹಲ್ಲಿ ತೋರಿಸುತ್ತಿದ್ದವನು ಕಾರು ಮಗುಚಿ ಸತ್ತ. ಕುಡಿದಿದ್ದ. ನಾನೂ ಅದೇ ಉದ್ಯಾನದ ಕೆಲಸದವಳು. ಬೀಜ ಅರೆಯುವ ಕಲ್ಲು ಮುಂದಿಟ್ಟುಕೊಂಡು ಬಂದವರಿಗೆಲ್ಲ ನಗುನಗುತ್ತ ವಿವರಿಸುವುದು ನನ್ನ ಪಾಲಿಗಿತ್ತು.

ಉದ್ಯಾನದ ಬೇಲಿಯಾಚೆ, ಒಣಹೊಳೆಯ ಮರಳಿನಲ್ಲಿ ಹೆಂಗಸರೆಲ್ಲ ಮನೆ ಬಿಟ್ಟು ಬಂದು, ಸೂತಕ ಕಳೆಯುವ ಸಾವಿನ ಬೀಡು ಹಾಕಿದ್ದೆವು. ಅತ್ತಿಗೆ ಡಾಫ್ನಿ ತಲೆ ಬೋಳಿಸಿಕೊಂಡು, ಮೈಗೆ ಬಿಳಿ ಜೇಡಿ ಬಳಿದುಕೊಂಡು ಕೂತಿದ್ದಳು. ಗಂಡ ಸತ್ತವಳು ತಿಂಗಳುಗಟ್ಟಲೆ ಬಾಯಿ ತೆರೆಯುವಂತಿಲ್ಲ, ಏನಿದ್ದರೂ ಕೈಸನ್ನೆ. ಕುಡಿದವನಿಗೆ ಕಾರಿನ ಕೀ ಕೊಟ್ಟವಳು ಅವಳೇ ಎಂದು ಬೀಡಿಗೆ ಬೀಡೇ ಹೇಳುತ್ತಿತ್ತು. ಮೊದಲ ದಿನ ಅವಳು ‘ಕೊಡಲಿಲ್ಲ’ ಎಂದು ಕೈಯಾಡಿಸಿದಳು. ಯಾರೂ ನಂಬಲಿಲ್ಲ. ಆಮೇಲೆ ಅವಳ ಕೈಗಳೂ ಸುಮ್ಮನಾದವು.

ಅವಳು ಕೊಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಅಣ್ಣ ಹೊರಡುವ ಮುಂಚೆ ಕಳಿಸಿದ ಮಾತು ನನ್ನ ಫೋನಿನಲ್ಲೇ ಇತ್ತು: “ತಂಗೀ, ನೀನ್ ಕರ್ದೆ ಅಂತ ಹೊರಟಿದೀನಿ ಕಣೇ. ಇವ್ಳು ಕೀ ಕೊಡ್ದೇ ಅಡ್ಡ ನಿಂತ್ಲು, ಕಿತ್ಕೊಂಡೆ. ಕಾಂಗರೂ ಬಾಲ ಸುಟ್ಟಿಡು.” ನೀರಿನ ಟ್ಯಾಂಕಿನ ಹಿಂದೆ ಕೂತು ಕದ್ದುಮುಚ್ಚಿ ಅದನ್ನು ಕೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕರೆದವಳು ನಾನು ಎಂದಾಗುತ್ತಿತ್ತು.

ಹದಿನೈದನೆಯ ದಿನ ಬೆಳಿಗ್ಗೆ ಸೋದರತ್ತೆ ರೂಬಿ ನನ್ನ ಕೈಗೆ ದೊಣ್ಣೆ ಕೊಟ್ಟಳು. “ಒಡಹುಟ್ಟಿದೋಳು ನೀನು. ಮೂರೇಟು ಹೊಡಿ. ಹೊಡ್ದು ಮುಗ್ಸು, ಆಮೇಲೆ ಅವ್ಳೂ ನಮ್ಮೋಳೇ.”

ಡಾಫ್ನಿ ತಾನಾಗಿ ಬಂದು ತಲೆ ಬಗ್ಗಿಸಿದಳು. ಹೊಡೆದೆ. ಬಿಳಿ ಜೇಡಿ ಬಿರಿದು ರಕ್ತ ಹಣೆಗಿಳಿಯಿತು. ಮತ್ತೆ ಹೊಡೆದೆ, ಮೊದಲಿಗಿಂತ ಜೋರಾಗಿ. ನನ್ನ ಸುಳ್ಳಿನ ಮೇಲಿನ ಸಿಟ್ಟನ್ನೆಲ್ಲ ಅವಳ ನೆತ್ತಿಯ ಮೇಲೆ ತೀರಿಸಿಕೊಂಡೆ. ಅವಳು ಮರಳಿಗೆ ಕೈಯೂರಿದಳು, ಹಲ್ಲು ಕಚ್ಚಿದಳು, ಉಸಿರೆತ್ತಲಿಲ್ಲ. ಮೂರನೆಯ ಏಟಿಗೆ ದೊಣ್ಣೆ ಎತ್ತಿದ್ದೆ, ಅಷ್ಟರಲ್ಲಿ ಬೇಲಿಯಾಚೆಯಿಂದ ಅಣ್ಣ ಮಾತಾಡಿದ.

“ಬನ್ನಿ ಬನ್ನಿ, ಹತ್ರ ಬನ್ನಿ! ಹೆದ್ರಬೇಡಿ, ಇಲ್ಲಿ ಕಚ್ಚೋನು ನಾನೊಬ್ನೇ!”

ಹೆಂಗಸರು ಕಿರುಚಿದರು. ರೂಬಿ ಅತ್ತೆ ಕಲ್ಲೆತ್ತಿ ತನ್ನ ಹಣೆಯನ್ನೇ ಚಚ್ಚಿಕೊಂಡಳು. ಮುಂದಿನ ಮಾತು ಕೀಯದ್ದೇ ಎಂದು ಅನಿಸಿಬಿಟ್ಟಿತು. ದೊಣ್ಣೆ ಹಿಡಿದು ಓಡಿದೆ, ಬೇಲಿಯ ತಂತಿ ತೋಳು ಸೀಳಿದ್ದು ಆಮೇಲೆ ಗೊತ್ತಾಯಿತು.

ಹದ್ದಿನ ಆಟದ ಬಯಲಲ್ಲಿ ಜನ ತುಂಬಿದ್ದರು. ಹೊಸ ಮ್ಯಾನೇಜರ್ ಗ್ರೇಮ್ ಧ್ವನಿವರ್ಧಕದ ಯಂತ್ರದ ಪಕ್ಕ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ.

“ನಿಲ್ಸೋ ಅದನ್ನ!”

“ಅಯ್ಯೋ, ಅವ್ನ ಗೌರವಕ್ಕೆ ಅಂತ ಹಳೇ ರೆಕಾರ್ಡಿಂಗ್ ಹಾಕಿದ್ದಮ್ಮ! ಎಷ್ಟು ಚೆನ್ನಾಗಿ ಮಾತಾಡ್ತಿದ್ದ…”

ಬಡಿದೆ. ಯಂತ್ರ ಉಳಿಸಲು ಅವನು ಕೈ ಅಡ್ಡ ತಂದ. ಎರಡನೆಯ ಏಟಿಗೆ ಅವನ ಬೆರಳು ಮುರಿದ ಸದ್ದು ಕೇಳಿಸಿತು. ಅವನು ಕೂಗುತ್ತ ಕುಸಿದ. ಅಣ್ಣ ಮಾತ್ರ ಇನ್ನೂ ನಗುತ್ತಲೇ ಇದ್ದ. ತಂತಿ ಕಿತ್ತೆ, ಪೆಟ್ಟಿಗೆ ಒಡೆದೆ, ಚೂರುಗಳನ್ನೂ ಬಿಡದೆ ಜಜ್ಜಿದೆ. ಹದ್ದು ಬೆದರಿ ಹಾರಿಹೋಯಿತು. ಪ್ರವಾಸಿಗರು ಮಕ್ಕಳನ್ನು ಎಳೆದುಕೊಂಡು ಓಡಿದರು, ಕೆಲವರು ನಿಂತು ಚಿತ್ರ ತೆಗೆದರು.

ತಿರುಗಿ ಬಂದಾಗ ಬೀಡಿನವರೆಲ್ಲ ನನ್ನನ್ನು ಅಪ್ಪಿಕೊಂಡರು. “ತಂಗಿ ಅಂದ್ರೆ ಹಿಂಗಿರ್ಬೇಕು!” ಎಂದಳು ರೂಬಿ ಅತ್ತೆ. ಡಾಫ್ನಿ ರಕ್ತ ಒರೆಸಿಕೊಳ್ಳದೆ ಎದುರಿಗೆ ಬಂದು ನಿಂತಳು. ಸೀಳಿದ ನನ್ನ ತೋಳನ್ನು ನೋಡಿ, ತಲೆಗೆ ಕಟ್ಟಿಕೊಳ್ಳಲು ಇಟ್ಟುಕೊಂಡಿದ್ದ ಬಟ್ಟೆಯನ್ನು ಅದಕ್ಕೆ ಸುತ್ತಿದಳು. ಆಮೇಲೆ ಮತ್ತೆ ತಲೆ ಬಗ್ಗಿಸಿದಳು. ಮೂರನೆಯ ಏಟು ಬಾಕಿಯಿತ್ತಲ್ಲ.

ನನ್ನಿಂದ ತಡೆಯಲಾಗಲಿಲ್ಲ. “ಅವ್ಳು ಕೀ ಕೊಡ್ಲಿಲ್ಲ,” ಎಂದೆ. “ಅಣ್ಣನೇ ಕಿತ್ಕೊಂಡ. ಬಾ ಅಂತ ಕರ್ದೋಳು ನಾನು.”

“ನಿಂಗ್ಯಾರೇ ಹೇಳಿದ್ದು?” ಎಂದಳು ರೂಬಿ ಅತ್ತೆ.

“ಅವ್ನೇ. ಇದ್ರೊಳಗಿದಾನೆ.”

ಫೋನು ನೋಡಿ ಎಲ್ಲರೂ ಹಾವು ಕಂಡವರಂತೆ ಹಿಂದೆ ಸರಿದರು. ಅದನ್ನು ಕಲ್ಲಿನ ಮೇಲಿಟ್ಟು ಒಡೆದೆ. ಯಂತ್ರ ಒಡೆಯುವಾಗ ಇದ್ದ ಬಲ ಈಗಿರಲಿಲ್ಲ, ನಾಲ್ಕು ಏಟು ಬೇಕಾದವು. ಇನ್ನು ಅವನ ಧ್ವನಿ ಎಲ್ಲೂ ಇಲ್ಲ. ಅಳು ಉಕ್ಕಿ ಬಂತು.

ದೊಣ್ಣೆಯನ್ನು ಅತ್ತಿಗೆಯ ಕೈಗಿಟ್ಟು ಅವಳೆದುರು ಕೂತು ತಲೆ ಬಗ್ಗಿಸಿದೆ. ತಡವಾಯಿತು. ಹೊಡೆಯದೆ ಬಿಟ್ಟುಬಿಡುತ್ತಾಳೇನೋ ಎಂದು ಹೆದರಿದೆ.

ಬಿಡಲಿಲ್ಲ. ಎರಡು ಏಟು ಹಾಕಿದಳು, ನಾನು ಹಾಕಿದಷ್ಟೇ ಜೋರಾಗಿ.