ಮಧ್ಯಾಹ್ನದ ಎಲೆಗಳು

‘ಈ ಜೀನ್ ತುಸು ಜೋರಾಗಿ, ಆ ಜೀನ್ ಸಾಕಷ್ಟು ಮಂದವಾಗಿ ನಡೆದಿದ್ದರೆ, ಮೆಣಸಿನಕಾಯಿ ಗಿಡದ ಒಳಗೊಳಗೇ ಇದೆ, ಎಲೆ ಮುದುಡಿಸುವ ಮುಟುರು ರೋಗ.’ ಈ ನಿಯಮವನ್ನು ಹುಟ್ಟಿಸಿದ್ದು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಶೈಲಶ್ರೀಯ ಕಂಪ್ಯೂಟರು. ಸಾವಿರಾರು ನಿಯಮಗಳಲ್ಲಿ ಗಟ್ಟಿಯವನ್ನು ಉಳಿಸಿ, ಒಂದಕ್ಕೊಂದು ಕೂಡಿಸಿ, ಜೊಳ್ಳನ್ನು ತೂರಿ, ಪೀಳಿಗೆಯಿಂದ ಪೀಳಿಗೆಗೆ ಬೆಳೆಸುವುದು ಅದರ ಕೆಲಸ. ಬೀಜದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ‘ತುಸು’, ‘ಸಾಕಷ್ಟು’ ಎಂಬ ಅಳತೆಯಂತೂ ಬ್ಯಾಡಗಿಯ ದಲಾಲಿ ಮನೆತನದ ಶೈಲಶ್ರೀಗೆ ರಕ್ತದಲ್ಲೇ ಬಂದದ್ದು. ಅವರ ಅಂಗಡಿಯಲ್ಲಿ ಕಾಯಿಯ ಕೆಂಪನ್ನು ಯಾರೂ ಅಂಕಿಯಲ್ಲಿ ಹೇಳಿದ್ದಿಲ್ಲ.

ಪರೀಕ್ಷೆಯಲ್ಲಿ ನಿಯಮ ನೂರಕ್ಕೆ ನೂರು ಸರಿ ಬಂತು. ಮಾಲೀಕ ವಿಜಯಮಹಾಂತೇಶ ಪೇಡೆ ಹಂಚಿದ. ಆಮೇಲೆ ಅದೇ ನಿಯಮ ಹಿರಿಯ ಕೆಲಸಗಾರ ಶೇಖಪ್ಪ ನೋಡಿಕೊಳ್ಳುವ ಕಂಪನಿ ಹೊಲದ ಎಲೆಗಳನ್ನು ನೋಡಿ ‘ರೋಗ’ ಎಂದಿತು. ಶೇಖಪ್ಪ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ಸೋಮವಾರ ಕಿತ್ತು ಸುಡಬೇಕೆಂದು ಹುಕುಂ ಆಯಿತು. ಶೇಖಪ್ಪ ಎದುರಾಡಲಿಲ್ಲ. ಊಟ ಮಾತ್ರ ಬಿಟ್ಟ.

ಅದನ್ನು ನೋಡಿ ಶೈಲಶ್ರೀಗೆ ಸಂಕಟವಾಯಿತು. ಭಾನುವಾರ ಕೂತು ಆ ಎರಡು ಜೀನ್‌ಗಳ ಜಾತಕ ಜಾಲಾಡಿದಳು. ರೋಗಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ. ಒಂದು ಬೆಳಿಗ್ಗೆ ಏರುವುದು, ಇನ್ನೊಂದು ಮಧ್ಯಾಹ್ನ ಏರುವುದು, ಅಷ್ಟೇ. ಕಂಪ್ಯೂಟರಿಗೆ ಕಲಿಸಲೂ ಪರೀಕ್ಷೆಗೂ ಎಲೆ ಕಿತ್ತವಳು ತಾನೇ. ಬೆಳಗಿನ ಮೊದಲ ಬೋಣಿಗೆಗೆ ಕೆಟ್ಟ ಮಾಲು ಮುಟ್ಟಬಾರದೆಂಬುದು ಅವರ ಮನೆಯ ಪದ್ಧತಿ. ಹಾಗಾಗಿ ದಿನಾ ಬೆಳಿಗ್ಗೆ ಚಲೋ ಗಿಡಗಳ ಎಲೆ ಕಿತ್ತು, ರೋಗದ ಗಿಡಗಳ ಹತ್ತಿರ ಊಟವಾದ ಮೇಲೆ ಹೋಗಿದ್ದಳು. ಶೇಖಪ್ಪನ ಹೊಲ ದೂರವೆಂದು ಅಲ್ಲಿಗೂ ಮಧ್ಯಾಹ್ನವೇ ಹೋಗಿದ್ದಳು.

ಸೋಮವಾರ ಆಳುಗಳು ಹೊಲಕ್ಕೆ ಇಳಿಯುವ ಮೊದಲೇ ಮಾಲೀಕನನ್ನು ಬದುವಿನ ಮೇಲೆ ಹಿಡಿದಳು.

“ಕೀಳಸಬ್ಯಾಡ್ರಿ ಸರ್. ನನ್ನ ಕಡಿಂದ ತಪ್ಪಾಗೇತಿ,” ಎಂದು ಎಲ್ಲ ಹೇಳಿದಳು.

“ನೂರಕ್ಕ ನೂರು ಅಂದಿದ್ರಲ್ಲಾ?”

“ಹೌದ್ರಿ. ಎಲಿ ಮುಂಜಾನೆದೋ ಮಧ್ಯಾಹ್ನದ್ದೋ ಅಂತ ಹೇಳೂದ್ರಾಗ ನೂರಕ್ಕ ನೂರು.”

ವಿಜಯಮಹಾಂತೇಶ ಮಣಿಕಟ್ಟು ಎತ್ತಿ ತೋರಿಸಿದ. “ಅದಕ್ಕ ನನ್ನ ಹಂತೇಕ ಗಡಿಯಾರ ಐತ್ರಿ. ಹಂಗಾರ ಗಿಡಕ್ಕ ರೋಗ ಇಲ್ಲೇನು?”

ಶೇಖಪ್ಪ ಪಕ್ಕದಲ್ಲೇ ನಿಂತಿದ್ದ. ‘ಇಲ್ಲ’ ಎನ್ನುವ ಆಸೆ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು.

“ಗೊತ್ತಿಲ್ರಿ. ಮತ್ತ ಎಲಿ ಕಿತ್ತು ನೋಡಬೇಕು.”

ಮಾಲೀಕ ಆಳುಗಳನ್ನು ವಾಪಸ್ ಕಳಿಸಿ ಜೀಪು ಹತ್ತಿದ.

ಹುಕುಂ ಆದಾಗಿನಿಂದ, ಸುಡುವ ಗಿಡಕ್ಕೆ ಯಾಕೆ ಎಂದು, ನೀರು ನಿಲ್ಲಿಸಿದ್ದರು. ಶೇಖಪ್ಪ ಬಾಡಿದ ಸಾಲುಗಳನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ.

“ಮೇಡಮ್ಮಾರ, ಗೊತ್ತಿಲ್ಲ ಅಂದ್ರ... ನೀರು ಬಿಡ್ಲೇನ್ರಿ?”