ಯಾರೂ ನೋಡದ ಹುಳುಮನೆ ಕಿಟಕಿ

ಊರಲ್ಲಿ ಒಬ್ಬರ ಮೇಲೆ ಕೇಸು ಬಿದ್ದರೆ ಬುದ್ಧಿ ಹೇಳಲು ನೂರು ಜನ ಬರುತ್ತಾರೆ. ವಕೀಲರ ಬಳಿಗೆ ಜೊತೆಯಾಗಿ ಬನ್ನಿ ಎಂದರೆ ಒಬ್ಬರೂ ಸಿಗುವುದಿಲ್ಲ. ಮರಳವಾಡಿ ಹತ್ತಿರದ ಕಾವೇರಮ್ಮನಿಗೂ ಹಾಗೇ ಆಯಿತು. ಪಕ್ಕದ ಹೊಲದ ವೆಂಕಟಯ್ಯನನ್ನು ಕೊಂದನೆಂದು ಅವಳ ಗಂಡ ದಾಸಪ್ಪನಿಗೆ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟು ತಿಂಗಳಾಗಿತ್ತು. ಅಂದಿನಿಂದ ಅವಳು ಕೂತಲ್ಲಿ ಕೂರಲಾರಳು. ಹುಳುಮನೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾಳೆ, ಬಾಗಿಲಿಗೆ ಬಂದು ರಸ್ತೆ ನೋಡುತ್ತಾಳೆ, ಮತ್ತೆ ಒಳಗೆ ಹೋಗುತ್ತಾಳೆ.

ಒಂದು ಬೆಳಿಗ್ಗೆ ಕಾನೂನು ನೆರವಿನ ಸ್ವಯಂಸೇವಕಿ ಫಿರೋಜಾ ಬಂದಳು.

“ಅಪೀಲು ಹಾಕುದ್ರಾ ಅಕ್ಕ?”

ಜಗಲಿಯಲ್ಲಿದ್ದ ಮಾವ ಸಿದ್ದಯ್ಯ ಗದರಿದ. “ಸುಮ್ಕಿರವ್ವ! ದೊಡ್ಡ ಕೋರ್ಟ್ಗೋಗಿ ಗಲ್ಲಾಗ್ಬುಟ್ರೆ?”

“ನಾವಾಗೇ ಹಾಕಿದ್ ಅಪೀಲಲ್ಲಿ ಶಿಕ್ಷೆ ಜಾಸ್ತಿ ಮಾಡಂಗಿಲ್ಲ ಕಣಪ್ಪ. ಜೈಲಲ್ಲಿರೋರ್ಗೆ ವಕೀಲ್ರೂ ಪುಕ್ಕಟೆ, ತೀರ್ಪಿನ ಕಾಪಿನೂ ಪುಕ್ಕಟೆ. ಆದ್ರೆ ಅರವತ್ತು ದಿನ್ದೊಳ್ಗೆ ಹಾಕ್ಬೇಕು. ಸಾಕ್ಷಿ ಏನಂದ?”

“ರಸ್ತೇಲಿ ನಿಂತ್ಕಂಡು ಹುಳುಮನೆ ಕಿಟಕೀಲಿ ನೋಡುದ್ನಂತೆ. ಇವ್ರು ರಕ್ತದ ಕುಡ್ಲು ತೊಳೀತಿದ್ರಂತೆ.” ಕಾವೇರಮ್ಮನ ದನಿ ಏರಿತು. “ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು ಅದು! ಹುಳ ತಿನ್ನೋ ಊಜಿ ನೊಣ ಬರ್ದಂಗೆ ಕಿಟಕಿಗೆ ಬಲೆ, ಬಿಸ್ಲಿಗೆ ಒದ್ದೆ ಗೋಣಿತಾಟು ಕಟ್ಟಿದ್ದೋ. ಅವ್ನಿಗೆಂಗ್ ಕಾಣ್ತು?”

“ವಕೀಲ್ರು ಬಂದು ನೋಡ್ನಿಲ್ವಾ?”

“ಬಂದಿದ್ರು. ಹುಳ ಪೊರೆ ಬಿಡಾಕೆ ಜ್ವರಕ್ ಕುಂತವೆ, ಹೊರಗ್ನೋರು ಬಂದ್ರೆ ರೋಗ ಬತ್ತದೆ ಅಂತ ಮಾವ ಬಾಗ್ಲಿಂದ್ಲೇ ಕಳ್ಸುದ್ರು.”

ಸಿದ್ದಯ್ಯ ತಲೆ ತಗ್ಗಿಸಿದ. ಹುಳ ಸಾಕುವವರೆಲ್ಲ ಹಾಗೇ ಮಾಡುತ್ತಾರೆ, ಅವನೂ ಮಾಡಿದ್ದ. ಫಿರೋಜಾ ಕಾವೇರಮ್ಮ ಕೊಟ್ಟ ತೀರ್ಪಿನ ಕಾಪಿ ತಿರುವಿದಳು.

“ದಾಸಪ್ಪಣ್ಣನ ಅಂಗಿ ಮ್ಯಾಲೆ ರಕ್ತ ಇತ್ತು ಅಂತ ಇದ್ರಲ್ಲದೆ. ಅದ್ರ ಬಗ್ಗೆ ಅವ್ರನ್ನ ಜಡ್ಜು ಕೇಳುದ್ರಾ?”

“ಇಲ್ಲ. ಸೊಪ್ಪು ಕುಯ್ಯುವಾಗ ಕೈ ಕುಯ್ಕಂಡಿದ್ರು. ಕೇಳಿದ್ರೆ ಹೇಳೋರು.”

“ಆದ್ರೆ ತೀರ್ಪಲ್ಲಿ ಆ ರಕ್ತನೇ ದೊಡ್ಡ ಸಾಕ್ಷಿ ಅಂತ ಬರ್ದವ್ರೆ. ಆರೋಪಿ ಮ್ಯಾಲಿರೋ ಸಾಕ್ಷಿನ ಅವನ ಮುಂದಿಟ್ಟು ಉತ್ತರ ಕೇಳ್ಬೇಕು. ಕೇಳ್ದಿದ್ರೆ ಅದು ವಿಚಾರಣೆ ತಪ್ಪು. ಗೆದ್ದೇ ಗೆಲ್ತೀವಿ ಅಂತ ನಾನ್ ಹೇಳಾಕಿಲ್ಲ. ಆದ್ರೆ ಹೈಕೋರ್ಟು ಸಾಕ್ಷಿನೆಲ್ಲ ಮತ್ತೆ ತೂಗಿ ನೋಡ್ತದೆ. ಬೇಕು ಅನ್ಸುದ್ರೆ ಹೊಸ ಸಾಕ್ಷಿನೂ ತಗಂತದೆ.”

ಸಿದ್ದಯ್ಯ ಎದ್ದು ಹೋಗಿ ಹುಳುಮನೆಯ ಬಾಗಿಲನ್ನು ತಾನೇ ತೆರೆದ. “ಬಾರವ್ವ, ಒಳಿಕ್ಕೆ ಬಾ. ಕಿಟಕಿ ನೋಡು. ವಕೀಲ್ರುನ್ನೂ ಕರ್ಕೊಂಬಾ. ಹುಳ ಹೋದ್ರೆ ಇನ್ನೊಂದ್ ಬೆಳೆ ಬತ್ತದೆ.”

ಅಂದೇ ಮೂವರೂ ರಾಮನಗರದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ಬಸ್ಸು ಹತ್ತಿದರು. ಅಪೀಲು ಅವಧಿಯೊಳಗೇ ಹೈಕೋರ್ಟಿಗೆ ಸಲ್ಲಿಕೆಯಾಯಿತು. ತೀರ್ಪು ಇನ್ನೂ ಬಂದಿಲ್ಲ. ಕಾವೇರಮ್ಮ ಈಗಲೂ ರಸ್ತೆ ನೋಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರಿಗೆ ಶಿಕ್ಷೆಯಾಗಿದ್ದರೆ ಹಣೆಬರಹ ಎಂದು ಕೈಕಟ್ಟಿ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಗಲ್ಲು ಶಿಕ್ಷೆಯಾಗಿದ್ದರೆ ಅಪೀಲಿಗೆ ಮೂವತ್ತೇ ದಿನ. ಗಡುವು ದಾಟಿದ್ದರೂ ಹೋಗಿ, ತಡವಾದ ಕಾರಣ ಹೇಳಿ ಕೇಳಬಹುದು. ವಕೀಲರು ಮನೆಗೆ ಬಂದರೆ ಒಳಗೆ ಕರೆಯಿರಿ, ನೀವು ಕಂಡದ್ದನ್ನೆಲ್ಲ ಹೇಳಿ. ನೀವು ಹೇಳದೆ ಉಳಿಸಿಕೊಂಡ ಮಾತಿಗೆ ಜೈಲಿನಲ್ಲಿ ಕೂತವರು ಬೆಲೆ ತೆರುತ್ತಾರೆ.