ಕರಿಹಲಗೆಯ ಮೇಲಿನ ಔಷಧ

ನನ್ನ ಹೆಂಡತಿಗೆ ಇಬ್ಬರು ತಮ್ಮಂದಿರು. ದೊಡ್ಡವನು ಶಾಲೆಯೊಂದರ ಹೆಡ್‌ಮಾಸ್ತರ, ಚಿಕ್ಕವನದು ಫೋಟೊ ಸ್ಟುಡಿಯೋ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ನಾಲ್ಕು ವರ್ಷದಿಂದ ಮಾತಿಲ್ಲ. ಬಚ್ಚಲುಮನೆಗೆ ಯಾವ ಬಣ್ಣ ಬಳಿಸಬೇಕೆಂಬುದರ ಮೇಲೆ ಜಗಳ ಹತ್ತಿತ್ತು. ಬಚ್ಚಲುಮನೆಗೆ ಇವತ್ತಿಗೂ ಬಣ್ಣವಿಲ್ಲ.

ಒಂದು ಮನೆಯೆಂದ ಮೇಲೆ ಹೇಳಬೇಕಾದ ಮಾತು ಇದ್ದೇ ಇರುತ್ತದಲ್ಲ, ಅದಕ್ಕಾಗಿ ಹೆಡ್‌ಮಾಸ್ತರನು ಶಾಲೆಯ ಹಳೆಯ ಕರಿಹಲಗೆಯೊಂದನ್ನು ತಂದು ನಡುಮನೆಯ ಗೋಡೆಗೆ ನೇತುಹಾಕಿದ. 'ಟ್ಯಾಂಕಿಗೆ ನೀರು ಬಿಡಬೇಕು', 'ಗೇಟಿನ ಕೀಲಿ ಕಾಣುತ್ತಿಲ್ಲ' ಎಂದು ಅದರ ಮೇಲೆ ಬರೆಯುತ್ತಾರೆ. ಬರೆದವರೇ ಒರೆಸಬೇಕು. ಇನ್ನೊಬ್ಬರು ಬರೆದದ್ದಕ್ಕೆ ಬಟ್ಟೆ ಸೋಕಿಸಿದರೆ ಸೋತ ಹಾಗೆ. ಕಲಿತವರ ಮನೆಯ ಘನತೆ ಇದು.

ಈ ಮನೆಗೆ ಚಿಕ್ಕವನು ಒಂದು ನಾಯಿಮರಿ ತಂದ. ಸಾಕುವ ಆಸೆಯಿಂದಲ್ಲ, ಸ್ಟುಡಿಯೋಗೆ ಬರುವ ಮಕ್ಕಳ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆಯುವುದಕ್ಕೆ. ಹೆಗ್ಗಣಕ್ಕಿಂತ ತುಸು ದೊಡ್ಡದಾದ ಆ ಪ್ರಾಣಿಯನ್ನು ಮನೆಯ ಕಾವಲಿಗೆ ತಂದದ್ದೆಂದು ದೊಡ್ಡವನು ನೆರೆಹೊರೆಗೆಲ್ಲ ಹೇಳಿಕೊಂಡು ಬಂದ.

ಎರಡು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಹೆಡ್‌ಮಾಸ್ತರನ ಹೆಂಡತಿ ಕೈಚೀಲವೊಂದನ್ನು ಹಿಡಿದು ನನ್ನ ಬಾಗಿಲಿಗೆ ಬಂದಳು. ನಾನು ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕಂಪೌಂಡರನಾಗಿದ್ದವನು. ಆ ಮನೆಯವರಿಗೆ ನನ್ನ ನೆನಪಾಗುವುದು ಯಾರಿಗಾದರೂ ಹೊಟ್ಟೆ ಕೆಟ್ಟಾಗ ಮಾತ್ರ.

"ಅಣ್ಣ, ಇದಕ್ಕೇನೋ ಆಗ್ಬಿಟ್ಟಿದೆ ನೋಡಿ."

ಚೀಲದೊಳಗೆ ಮರಿ ತನ್ನದೇ ವಾಂತಿಯಲ್ಲಿ ಬಿದ್ದಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕುತ್ತಿಗೆಯ ಚರ್ಮ ಹಿಡಿದು ಎತ್ತಿ ಬಿಟ್ಟೆ. ಮಡಿಸಿದ ಬಟ್ಟೆಯ ಹಾಗೆ ಎತ್ತಿದಲ್ಲೇ ನಿಂತಿತು. ಮೈಯಲ್ಲಿ ನೀರು ಉಳಿದಿರಲಿಲ್ಲ.

"ಏನು ಕೊಟ್ರಿ ಇದಕ್ಕೆ?"

"ಹುಳದ ಔಷಧ. ಹಲಗೆ ಮೇಲೆ ಬರೆದಿತ್ತು, ಕೊಟ್ಟೆ."

"ಎಷ್ಟು ಸಲ?"

"ಸೋಮವಾರ ಒಂದ್ಸಲ. ಮಂಗಳವಾರಾನೂ ಬರೆದಿತ್ತು, ಕೊಟ್ಟೆ."

"ಬರೆದಿತ್ತೋ, ಒರೆಸದೆ ಹಾಗೇ ಇತ್ತೋ?"

"ಹಾಗೇ ಇತ್ತು."

"ಬರೆದೋರು ಯಾರು?"

"ನಮ್ಮನೆಯವರು. ಅವರೂ ಕೊಟ್ಟಿದ್ರಂತೆ. ಒರೆಸೋದು ಮರೆತಿದಾರೆ. ಮೈದುನಾನೂ ಕೊಟ್ಟಿರ್ಬೇಕು, ಬಾಟ್ಲಿ ಖಾಲಿಯಾಗಿದೆ."

"ಅವನನ್ನ ಕೇಳ್ಲಿಲ್ವಾ?"

"ಅವರ ಹತ್ರ ನಾವು ಮಾತಾಡಲ್ವಲ್ಲ ಅಣ್ಣ," ಎಂದಳು, ನನಗೇ ಬುದ್ಧಿ ಕಡಿಮೆಯೆಂಬಂತೆ.

ಮರಿಯನ್ನು ಪಶುವೈದ್ಯರ ಬಳಿಗೆ ಒಯ್ದೆ. ಅವರು ಚರ್ಮದಡಿಗೆ ಸಲೈನ್ ಏರಿಸಿ, ವಾಂತಿ ನಿಲ್ಲುವುದಕ್ಕೆ ಒಂದು ಸೂಜಿ ಹಾಕಿದರು. "ಒಂದು ಸಲ ಕಾಲು ಚಮಚ ಕೊಡೋದನ್ನ ಇಡೀ ಬಾಟ್ಲಿ ಕುಡಿಸಿದಾರಲ್ರೀ. ಯಾರು ಮಾಡಿದ್ದು?"

"ಓದಿಕೊಂಡೋರು," ಎಂದೆ.

"ಎರಡು ದಿನ ತಳ್ಳಿದ್ರೆ ಉಳಿಯತ್ತೆ. ಮೈ ಬೆಚ್ಚಗಿರಲಿ. ಹೊಟ್ಟೆಗೆ ಹನಿ ಹನಿಯಾಗಿ ಹೋಗ್ಬೇಕು."

ಹನಿ ಹನಿಯಾಗಿ ಹೊಟ್ಟೆಗೆ ಹಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ತಿಂಗಳ ಹಿಂದಿನವರೆಗೂ ಹೆಂಡತಿಗೆ ಅದನ್ನೇ ಮಾಡಿದ್ದೆ. ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಬೆರೆಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು, ಕೆನ್ನೆಯ ಸಂದಿನಿಂದ ಐದು ಹನಿ ಬಿಡುವುದು, ಗುಟುಕರಿಸಿತೇ ಎಂದು ಗಂಟಲ ಮೇಲೆ ಬೆರಳಿಟ್ಟು ನೋಡುವುದು, ಕಾಲು ಗಂಟೆ ಬಿಟ್ಟು ಮತ್ತೆ ಐದು ಹನಿ. ಬಿಸಿನೀರಿನ ಬಾಟಲಿಯನ್ನು ಹೆಂಡತಿಯ ಶಾಲಿನಲ್ಲಿ ಸುತ್ತಿ ಮರಿಯ ಪಕ್ಕಕ್ಕಿಟ್ಟೆ. ಮನೆಯಲ್ಲಿ ಬೇರೆ ಉಣ್ಣೆಯ ಬಟ್ಟೆ ಇರಲಿಲ್ಲ.

ಸಂಜೆ ದೇವರ ಮುಂದೆ ಕುಳಿತೆ. ಅವಳಿಗಾಗಿ ಏಳು ತಿಂಗಳು ಕೇಳಿದ್ದೆ. ಅವನ ಚಿತ್ತ ಬೇರೆಯಿತ್ತು. ಅಂದಿನಿಂದ ಏನನ್ನೂ ಕೇಳಿದವನಲ್ಲ, ಕೈ ಮುಗಿದು ಏಳುತ್ತಿದ್ದೆ. ಆ ದಿನ ಕೇಳಿದೆ. ಮತ್ತೊಂದು ಸಾವು ನನ್ನ ಕೈಯಲ್ಲಿ ಬೇಡ, ಅದು ನಾಯಿಯದೇ ಆದರೂ ಬೇಡ ಎಂದೆ.

ಮೂರನೆಯ ದಿನ ಮರಿ ಸಿರಿಂಜನ್ನು ಕಚ್ಚಿ ಗುರುಗುಟ್ಟಿತು. ಹಲ್ಲು ತೋರಿಸುವಷ್ಟು ಕೃತಘ್ನತೆ ಬಂದರೆ ರೋಗಿ ಉಳಿದನೆಂದೇ ಲೆಕ್ಕ. ವಾರ್ಡಿನಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಮಾರನೆಯ ದಿನ ಗಂಜಿಯ ತಿಳಿ ನೆಕ್ಕಿತು.

ಮರಿ ಬದುಕಿದ ಸುದ್ದಿ ಹೋದದ್ದೇ ತಡ, ತಮ್ಮಂದಿರಿಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ತನಗೇ ಬೇಕೆಂದರು. ನಾನು ಇಬ್ಬರಿಗೂ ಭಾನುವಾರ ಹತ್ತು ಗಂಟೆಗೆ ಬರಹೇಳಿದೆ, ಇನ್ನೊಬ್ಬನೂ ಬರುತ್ತಾನೆಂದು ಹೇಳಲಿಲ್ಲ.

ಇದರಲ್ಲಿ ನನ್ನದೊಂದು ಆಸೆಯಿತ್ತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಯ ವಾರ ಕೇಳಿದ್ದು ಒಂದೇ: ತಮ್ಮಂದಿರು ಇಬ್ಬರೂ ಒಟ್ಟಿಗೆ ಬಂದು ಕೂತು ನಾಲ್ಕು ಮಾತಾಡಲಿ. ಒಬ್ಬ ಬೆಳಿಗ್ಗೆ ಬಂದರೆ ಇನ್ನೊಬ್ಬ ಸಂಜೆ ಬರುತ್ತಿದ್ದ. ಕೊನೆಯ ದಿನ ಇವನು ಬಂದಿರುತ್ತಾನೆಂದು ಅವನೂ ಅವನು ಬಂದಿರುತ್ತಾನೆಂದು ಇವನೂ ಮನೆಯಲ್ಲೇ ಉಳಿದರು. ಅಂಥವರು ನಾಯಿಗಾಗಿ ಹತ್ತಕ್ಕೆ ಸರಿಯಾಗಿ ಬಂದು, ನನ್ನ ಮಂಚದ ಎರಡು ತುದಿಗಳಲ್ಲಿ, ಮುಖ ಆ ಕಡೆ ಈ ಕಡೆ ಮಾಡಿ ಕುಳಿತರು.

"ಭಾವ, ತಂದೋನು ನಾನು. ಬರೋ ವಾರಕ್ಕೆ ಎರಡು ಫೋಟೊ ಒಪ್ಕೊಂಡಿದೀನಿ," ಎಂದ ಚಿಕ್ಕವನು.

"ಔಷಧ ಕೊಡ್ಬೇಕು ಅಂತ ಮೊದಲು ಎಚ್ಚರಿಸಿದ್ದು ಯಾರು ಅಂತ ಕೇಳಿ ಭಾವ," ಎಂದ ದೊಡ್ಡವನು.

ನಾನು ಹೇಳಿದೆ: "ಮರಿ ಯಾರದಾದ್ರೂ ಆಗ್ಲಿ. ಯಾರು ಎಷ್ಟು ಸಲ ಕುಡಿಸಿದ್ರಿ ಅಂತ ಒಬ್ಬರ ಮುಖ ಒಬ್ಬರು ನೋಡಿ ಹೇಳಿ. ಇನ್ಮೇಲೆ ಅದರ ಔಷಧ ಯಾರ ಜವಾಬ್ದಾರಿ ಅಂತ ಮಾತಾಡ್ಕೊಳ್ಳಿ. ಆಮೇಲೆ ಎತ್ಕೊಂಡು ಹೋಗಿ."

ಹೆಡ್‌ಮಾಸ್ತರನು ನನ್ನ ಕಡೆ ತಿರುಗಿದ. "ಎರಡು ಸಲ ಅಂತ ಹೇಳಿ ಭಾವ."

"ನನಗಲ್ಲ, ಅವನಿಗೆ ಹೇಳು."

"ಅವರಿಗೆ ಕೇಳಿಸ್ತಲ್ಲ."

"ಕೇಳಿಸ್ಲಿಲ್ಲ ಅಂತ ಹೇಳಿ ಭಾವ," ಎಂದ ಚಿಕ್ಕವನು, ಕಿಟಕಿಗೆ.

ಒಬ್ಬನಿಗೆ ಐವತ್ತೆಂಟು, ಇನ್ನೊಬ್ಬನಿಗೆ ಐವತ್ತೆರಡು. ಮರಿ ಶಾಲಿನೊಳಗಿಂದ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ಮಲಗಿತು. ಅದಕ್ಕಿದ್ದ ತಿಳಿವಳಿಕೆ ನನಗಿರಲಿಲ್ಲ. ನಾನು ಇನ್ನೂ ಕಾದೆ. ಅವಳಿಗಾಗಿ ಒಂದು ಮಾತು, ಬೈಗುಳವಾದರೂ ಸರಿ ಎಂದು ಕಾದೆ.

ಹೆಡ್‌ಮಾಸ್ತರನು ಎದ್ದು ಅಂಗಿ ಸರಿಮಾಡಿಕೊಂಡ. "ಅಕ್ಕ ಹೋದ್ಮೇಲೆ ನಿಮಗೂ ಒಂದು ಜೊತೆ ಬೇಕಲ್ಲ ಭಾವ. ಇಲ್ಲೇ ಇರಲಿ."

"ನಾನೂ ಅದನ್ನೇ ಅನ್ಕೊಂಡಿದ್ದೆ ಭಾವ," ಎಂದ ಚಿಕ್ಕವನು.

ನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಇದು. ಅದನ್ನೂ ನನಗೇ ಹೇಳಿದರು. ಹೇಡಿತನಕ್ಕೆ ಅಕ್ಕನ ಹೆಸರು ಹೊದಿಸಿ, ನನಗೆ ಉಪಕಾರ ಮಾಡಿದ ಮುಖ ಹೊತ್ತು ಹೊರಟರು. ದೊಡ್ಡವನ ಹೆಜ್ಜೆ ಮೆಟ್ಟಿಲಿಳಿದು ಮುಗಿಯುವವರೆಗೆ ಚಿಕ್ಕವನು ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕುವ ನಟನೆ ಮಾಡಿದ. ಚಪ್ಪಲಿ ಕಾಲಲ್ಲೇ ಇತ್ತು.

ಗಡಿಯಾರ ನೋಡಿದೆ. ಗಂಜಿಯ ಹೊತ್ತು ಮೀರಿ ಇಪ್ಪತ್ತು ನಿಮಿಷವಾಗಿತ್ತು. ಇಂಥವರಿಗಾಗಿ ಒಂದು ಜೀವವನ್ನು ಇಪ್ಪತ್ತು ನಿಮಿಷ ಹಸಿವಿನಲ್ಲಿಟ್ಟೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗಿ, ಒಲೆ ಹಚ್ಚಲು ಎದ್ದೆ.